ಚಿಲಕ ಹಾಕದ ಮನೆ

...ಅಯ್ಯೋ, ಮತ್ತೆ ಯಾಕೆ ನಿಲ್ಲಿಸಿದೆ ಗುಬ್ಬಿ? ಒಂಚೂರು ತಡವರಿಸಿದ್ದಕ್ಕೇ? ಇಡೀ ಆಯಸ್ಸು ನಾಟಕ ಆಡಿದ ಬಾಯಿ ಕಣೇ ಇದು! ಒಂದು ಕಾದಂಬರಿ ಓದಿ ರೆಕಾರ್ಡ್ ಮಾಡೋಕೆ ನಿನ್ನ ಹತ್ರ ಪಾಠ ಹೇಳಿಸ್ಕೋಬೇಕಾ? ಗಾಜಿನ ಆಚೆಯಿಂದ ಕಣ್ಣು ಬಿಡಬೇಡ, ಗುಂಡಿ ಒತ್ತಿ ಮಾತಾಡು. ...ಬರೀ ಕೈಸನ್ನೇನಾ? ಬಿಡು.

ತಡಿ, ನೀರು ಕುಡೀತೀನಿ. ಈ ಡಬ್ಬದೊಳಗೆ ಉಸಿರೇ ಆಡಲ್ಲ. ಬಾಗಿಲಿನ ಒಳಗಡೆ ಹಿಡಿ ಕಿತ್ತುಬಂದು ಎಷ್ಟು ಕಾಲ ಆಯ್ತು, ಪ್ರತಿ ಸಲ ನೀನೇ ಬಂದು ಹೊರಗಿಂದ ತೆಗೀಬೇಕು. ಸ್ಟುಡಿಯೋ ಅಂತೆ ಸ್ಟುಡಿಯೋ!

ಅಲ್ಲ, ಇದನ್ನ ಬರೆದವನಿಗೆ ಬೇರೆ ಕೆಲಸ ಇರ್ಲಿಲ್ವಾ? ಇಬ್ಬರು ಬ್ರಹ್ಮಚಾರಿಗಳು, ಅಣ್ಣ ತಮ್ಮ. ಬೆಳಿಗ್ಗೆ ಜಗಳ ಆಡಿದ್ರು. ಮಧ್ಯಾಹ್ನ ಅಣ್ಣ ಬಂದು ಬಾಗಿಲು ಬಡಿದ, ತಮ್ಮ ಸಿಟ್ಟಿಗೆ ತೆಗೀಲಿಲ್ಲ. ಅಣ್ಣ ಅಲ್ಲೇ ಎದೆ ಹಿಡ್ಕೊಂಡು ಸತ್ತ. ಆಯ್ತಪ್ಪ, ಸತ್ತ. ಅಲ್ಲಿಗೆ ಮುಗೀಬೇಕೋ ಬೇಡ್ವೋ? ಇಲ್ಲ! ಮುಂದೆ ತಮ್ಮ ಮದುವೆ ಆದಾಗ, ಯಾರೋ ಬಾಗಿಲು ತಟ್ಟಿದ್ರೆ ಹೆಂಡ್ತಿ ಕೈ ಬಿಟ್ಟು ಓಡ್ತಾನೆ. ಮುದುಕ ಆದ್ಮೇಲೆ ಬಡಗೀನ ಕರೆಸಿ ಬಾಗಿಲನ್ನೇ ಕೀಳಿಸ್ತಾನೆ. ಪಾಪಪ್ರಜ್ಞೆ ಅಂತೆ, ಮಣ್ಣಂಗಟ್ಟಿ! ಕಳ್ಳ ಬಂದು ಪಾತ್ರೆ ಪಗಡ ಹೊತ್ಕೊಂಡು ಹೋಗಿದ್ರೆ ಬುದ್ಧಿ ಬರ್ತಿತ್ತು.

ಯಾಕೆ ನಗ್ತೀಯ? ...ನಮ್ಮನೆ ಬಾಗಿಲಾ? ಅದು ಬೇರೆ ಕಣೇ! ಚಿಲಕ ತುಕ್ಕು ಹಿಡಿದಿದೆ, ಅದಕ್ಕೇ ಹಾಕಲ್ಲ. ಹೌದು, ನೀನು ಹುಟ್ಟಿದಾಗಿಂದ ತುಕ್ಕೇ. ಎಣ್ಣೆ ಬಿಡೋಕೆ ನಂಗೆ ಪುರುಸೊತ್ತೆಲ್ಲಿತ್ತು? ತಬ್ಬಲಿ ಕೂಸನ್ನ ಒಬ್ಬಳೇ ಸಾಕಿದೀನಿ. ಚಿಕ್ಕಮ್ಮ ಅಂತ ಒಂದು ದಿನ ಅನ್ನಿಸ್ಲಿಲ್ಲ ನಿಂಗೆ. ನಿಮ್ಮಮ್ಮ ನನ್ನ ಮಹಡಿ ಮನೆ ಮೆಟ್ಟಿಲ ಮೇಲೆ ಬಿದ್ದು ಸತ್ತಾಗ ನಾನು ಮನೇಲಿದ್ದಿದ್ರೆ... ಇರ್ಲಿಲ್ವಲ್ಲ! ತಾಲೀಮಿಗೆ ಹೋಗಿದ್ದೆ. ಎಷ್ಟು ಸಲ ಹೇಳಿದೀನಿ.

ಸರಿ ಸರಿ, ಹಿಂದಿನ ಸಾಲಿಂದ. ಕೆಂಪು ದೀಪ ಹಾಕು. ಹೂಂ.

"ಬಾಗಿಲು ತೆಗಿ. ಒಳಗೇ ಇದ್ದೀಯ ಅಂತ ಗೊತ್ತು. ಎದೆ ಹಿಂಡ್ತಿದೆ... ಮಗು ಕೆಳಗೆ ತೊಟ್ಟಿಲಲ್ಲಿ ಒಂದೇ ಇದೆ... ಬಾಗಿಲು ತೆಗಿ..."

ಹೇಗಿತ್ತು? ಈ ಸಲ ತಡವರಿಸಲಿಲ್ಲ ನೋಡು! ...ಏನು? ಪುಸ್ತಕ ಯಾಕೆ ಗಾಜಿಗೆ ಒತ್ತಿ ತೋರಿಸ್ತೀಯ? ಎಲ್ಲಿ... "ಎದೆ ಹಿಂಡ್ತಿದೆ. ಬಾಗಿಲು ತೆಗಿ." ಹಾಂ, ಅದನ್ನೇ ತಾನೆ ಓದಿದ್ದು?

ಮಗುವಾ? ಯಾವ ಮಗು?

ಓ... ಯಾವುದೋ ಹಳೇ ನಾಟಕದ ಮಾತು ಕಣೇ, ನಾಲಿಗೆಗೆ ಬಂತು. ಅಳಿಸು. ಅಳಿಸು ಅಂದೆ! ...ಬೇಡ, ಮತ್ತೆ ಹಾಕಿ ಕೇಳಿಸ್ಬೇಡ ಗುಬ್ಬಿ. ನಿಲ್ಲಿಸು! ಅಕ್ಕನ ದನಿ ಥೇಟು ಹಾಗೇ... ಹೀಗೇ ಎಳೆದೆಳೆದು ಕರೀ...

ಯಾವ ನಾಟಕ ಅಂದ್ರೆ? ಹೆಸರು ಮರೆತುಹೋಯ್ತು. ಹಾಗೆ ನೋಡ್ಬೇಡ ನನ್ನ. ಬೈಯಿ ಬೇಕಾದ್ರೆ! ಅವತ್ತು ಬೆಳಿಗ್ಗೆ ಅಕ್ಕ ನನ್ನ 'ಬಣ್ಣ ಬಳ್ಕೊಳ್ಳೋಳು' ಅಂದಿದ್ದಳು, ನೆರೆಹೊರೆಯವರೆಲ್ಲ ಕೇಳೋ ಹಾಗೆ. ನಂಗೂ ಸಿಟ್ಟು ಬರಲ್ವಾ? ಸುಮ್ಮನೆ ನಾಟಕ ಮಾಡ್ತಿದಾಳೆ ಅಂದ್ಕೊಂಡೆ...

ಹೆಡ್‌ಫೋನ್ ಯಾಕೆ ತೆಗೆದಿಟ್ಟೆ? ಈಗ ನನ್ನ ಮಾತು ನಿಂಗೆ ಕೇಳಿಸಲ್ವಲ್ಲ... ಗುಬ್ಬಿ! ಆ ಕಡೆ ತಿರುಗಿ ಕೂರ್ಬೇಡ ಕಣೇ. ಇಲ್ಲಿ ನೋಡು, ಗಾಜು ಬಡೀತಿದೀನಿ. ಉಸಿರು ಕಟ್ತಿದೆ ನಂಗೆ, ನಿಜವಾಗ್ಲೂ, ನಾಟಕ ಅಲ್ಲ.

ಬಾಗಿಲು ತೆಗಿ ಮಗಳೇ.