ಖಾಕಿ ಚೀಲಕ್ಕೆ ಮಾಲೆ ಬೇಡ

ನಮ್ಮ ನೀಲಗಂಗಮ್ಮ ಅಕ್ಕನ ಯಜಮಾನರಾದ ಹಾಲಸ್ವಾಮಿಯವರೇ, ಅಕ್ಕನ ಮಗಳೇ ಅರ್ಚನಾ, ನಮ್ಮ ಕಚೇರಿಯ ಸಾಹೇಬರೇ, ತೆಲಿಗಿ, ಉಚ್ಚಂಗಿದುರ್ಗದಿಂದ ಬಸ್ಸು ಹಿಡಿದು ಬಂದಿರುವ ತಾಯಂದಿರೇ — ಎಲ್ಲರಿಗೂ ಶಿವಲೀಲಾಳ ನಮಸ್ಕಾರ. ಗುಮಾಸ್ತೆಯಾಗಿದ್ದ ಅಕ್ಕನ ಪಕ್ಕದ ಮೇಜಿನಲ್ಲಿ ಟೈಪು ಮಾಡುವವಳು ನಾನು. ಅಕ್ಕನ ಮೇಜು — ಈಗ ಖಾಲಿ.

ನಂಬಲು ಆಗುತ್ತಿಲ್ಲ. ಇನ್ನೂ ಆಗುತ್ತಿಲ್ಲ. ಸೋಮವಾರ ಮಧ್ಯಾಹ್ನ ಪಹಣಿಗೆ ಬಂದ ಜನ ಬಾಗಿಲ ತನಕ ನಿಂತಿದ್ದರು. ಅಕ್ಕ ನನ್ನ ಕಡೆ ಬಗ್ಗಿ, "ಶಿವಲೀಲಾ, ಒಂದೀಟು ಚೀಲ ನೋಡಿ ಬಾರವ್ವ, ಇವತ್ತು ಹೆಣ್ಮಕ್ಳು ಭಾಳ ಬಂದಾರ" ಅಂದರು. ಹೋದೆ, ನೋಡಿದೆ. "ತುಂಬೈತ್ರಿ ಅಕ್ಕಾ" ಅನ್ನಬೇಕು ಅಂತ ಬಂದೆ — ಅಕ್ಕನ ತಲೆ ಮೇಜಿನ ಮೇಲಿತ್ತು. ದಣಿದು ಮಲಗಿದ್ದಾರೆ ಅಂದುಕೊಂಡೆ. ಭುಜದ ಮೇಲೆ ಹೀಗೆ ಕೈ ಇಟ್ಟೆ. ಅವರ ಕೈ ಜಾರಿ ಕೆಳಗೆ ಬಿತ್ತು. ಹೃದಯ ನಿಂತಿತ್ತಂತೆ. ನಾನು ಆ ಕೋಣೆಗೆ ಹೋಗಿ ಬರುವಷ್ಟರಲ್ಲಿ ಮನುಷ್ಯರು ಹೋಗಿಬಿಡುತ್ತಾರೇನ್ರಿ?

ಯಾವ ಚೀಲ ಅಂತ ಇಲ್ಲಿನ ಗಂಡಸರಲ್ಲಿ ಅನೇಕರಿಗೆ ಗೊತ್ತಿಲ್ಲ. ಹೇಳುತ್ತೇನೆ, ತಲೆ ತಗ್ಗಿಸಬೇಡಿ. ಹೆಂಗಸರ ಶೌಚಾಲಯಕ್ಕೆ ಮುಂಚೆ ಕೈತೊಳೆಯುವ ಸಣ್ಣ ಕೋಣೆ ಇದೆಯಲ್ಲ, ಅಲ್ಲಿನ ಮೊಳೆಗೆ ತೂಗುಹಾಕಿದ ಚೀಲ. ಅದರೊಳಗೆ ಪ್ಯಾಡು, ಮಡಿಚಿದ ಹತ್ತಿ ಬಟ್ಟೆ. ತಿಂಗಳ ಮುಟ್ಟಿಗೆ. ಬೇಕಾದವರು ತೆಗೆದುಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ. ಹೌದು — ಮುಟ್ಟು ಅಂದೆ. ಯರ್ರೆಪ್ಪಣ್ಣ, ಕೆಮ್ಮಬೇಡಿ, ನಿಮ್ಮನ್ನೂ ತಾಯಿಯೇ ಹೆತ್ತದ್ದು.

ಶುರುವಾದದ್ದು ಹೀಗೆ. ಉಚ್ಚಂಗಿದುರ್ಗದ ಹೆಣ್ಣುಮಗಳೊಬ್ಬಳು ಬೆಳಗಿನಿಂದ ಬೆಂಚಿನ ಮೇಲೆ ಕೂತಿದ್ದಳು. ಹೆಸರು ಕೂಗಿದರು, ಏಳಲಿಲ್ಲ. ಮತ್ತೆ ಕೂಗಿದರು, ಗದರಿದರು — ಏಳಲಿಲ್ಲ. ಸೀರೆ ಕೆಟ್ಟಿತ್ತು, ಹೇಗೆ ಎದ್ದಾಳು? ಅಕ್ಕ ಹೋಗಿ ತಮ್ಮ ಶಾಲು ಹೊದಿಸಿ ಒಳಗೆ ಕರೆದೊಯ್ದರು. ಮರುದಿನವೇ ಚೀಲ ಹೊಲಿದು ತಂದರು.

ಚೆಂದದ ಚೀಲ. ಹಳದಿ ಬಟ್ಟೆ, ಬಾಯಿಗೆ ದಾರ. ಆದರೆ ದಿನಗಳು ಹೋದರೂ ಒಳಗಿನದು ಒಂದೂ ಕಡಿಮೆಯಾಗಲಿಲ್ಲ. ಕೊನೆಗೆ ತೆಲಿಗಿಯ ಕಲ್ಯಾಣಮ್ಮ — ಇಲ್ಲೇ ಕೂತಿದ್ದಾರೆ — ಗುಟ್ಟು ಬಿಚ್ಚಿದರು. "ಯವ್ವಾ, ಅದು ಉಚ್ಚಂಗೆಮ್ಮನ ಮೀಸಲು ಗಂಟಲ್ಲೇನ್ರಿ? ಹೊರಗಾದಾಕಿ ನಾ ಹೆಂಗ ಕೈ ಹಚ್ಲಿ?"

ದೇವಿ ಉಚ್ಚಂಗೆಮ್ಮನಿಗೆ ಹರಕೆ ಹೊತ್ತು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕುವವರಲ್ಲವೇ ನಾವು! ಯಾರಿಗೆ ಬೇಕಿತ್ತೋ ಅವರೇ ಹತ್ತಿರ ಹೋಗದ ಚೀಲ. ಅಕ್ಕ ಹಣೆ ಬಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಹಾಲಸ್ವಾಮಿಯವರ ಹಳೇ ಕಂಡಕ್ಟರ್ ಪ್ಯಾಂಟು ಕತ್ತರಿಗೆ ಸಿಕ್ಕಿ ಹೊಸ ಚೀಲವಾಯಿತು. "ಖಾಕಿ ಮ್ಯಾಲೆ ಯಾವ ದೇವ್ರೂ ಬರಂಗಿಲ್ಲ ಬಿಡು" ಅಂದರು. ಚೀಲ ಖಾಲಿಯಾಗತೊಡಗಿತು. ಖಾಕಿ ನೋಡಿ ಸರ್ಕಾರದ್ದು ಅಂದುಕೊಂಡರೋ ಏನೋ — ಸರ್ಕಾರದ್ದು ಅಂದರೆ ನಮ್ಮವರು ಬಿಡುತ್ತಾರೆಯೇ? ಖಾಲಿಯಾದಷ್ಟೂ ಅಕ್ಕ ತುಂಬಿದರು.

ಈಗ ನಿನ್ನೆಯ ಮಾತು. ಆ ಕೋಣೆಗೆ ಹೋದವಳು ಬೆಚ್ಚಿ ನಿಂತೆ. ಖಾಕಿ ಚೀಲಕ್ಕೆ ಅರಿಶಿನ, ಕುಂಕುಮ, ಸೇವಂತಿಗೆ ಮಾಲೆ! ಕೆಳಗೆ ಊದಿನಕಡ್ಡಿ! ಕಸ ಗುಡಿಸುವ ನಮ್ಮ ಎರ್ರೆಮ್ಮ ಅಳುತ್ತಾ ನಿಂತಿದ್ದಳು. "ಅಕ್ಕಾರು ದೇವ್ರಾಗ್ಯಾರ್ರೀ..." ಎರ್ರೆಮ್ಮ, ನಿನ್ನನ್ನು ಬೈಯುತ್ತಿಲ್ಲ, ನಿನ್ನ ಪ್ರೀತಿ ದೊಡ್ಡದು. ಆದರೆ ಅಷ್ಟರಲ್ಲಿ ಒಬ್ಬ ಹುಡುಗಿ ಬಂದಳು. ಚೀಲ ನೋಡಿದಳು. ದೂರದಿಂದಲೇ ಕೈಮುಗಿದಳು. ಸೆರಗನ್ನು ಹಿಂದಕ್ಕೆ ಹೀಗೆ ಎಳೆದುಕೊಂಡು — ಹಾಗೇ ಹೊರಟುಹೋದಳು. ತುಂಬಿದ ಚೀಲದ ಮುಂದಿನಿಂದ, ಹಾಗೇ! ಸೋಮವಾರ ಹೋದ ಅಕ್ಕ ನಿನ್ನೆ ಇನ್ನೊಮ್ಮೆ ಹೋದಂತಾಯಿತು. ಹಿಂದೆಯೇ ಓಡಿದೆ. ಬಸ್ಸು ಬಿಟ್ಟಿತ್ತು.

ಮಾಲೆ ತೆಗೆದುಬಿಟ್ಟೆ. ಅದೇ ಮಾಲೆ ಈ ಫೋಟೋದ ಮೇಲಿದೆ, ನೋಡಿ. ಅಕ್ಕನಿಗೆ ಇಲ್ಲಿ ಕೈಮುಗಿಯೋಣ. ಚೀಲಕ್ಕೆ ಮುಗಿಯುವುದು ಬೇಡ, ಚೀಲದೊಳಗೆ ಕೈ ಹಾಕೋಣ. ಅರ್ಚನಾ ಅದನ್ನು ಕುಂಕುಮವೆಲ್ಲ ಹೋಗುವಂತೆ ಒಗೆದು, ಒಣಗಿಸಿ, ಮತ್ತೆ ತುಂಬಿ, ಈಗಷ್ಟೇ ಅದೇ ಮೊಳೆಗೆ ಹಾಕಿ ಬಂದಿದ್ದಾಳೆ. ಸೋಮವಾರ ನನ್ನ ಬಾಯಲ್ಲೇ ಉಳಿದ ಮಾತು, ಇವತ್ತು ಹೇಳುತ್ತೇನೆ — ತುಂಬೈತ್ರಿ ಅಕ್ಕಾ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಕ್ಕನಿಗಾಗಿ ಒಂದು ನಿಮಿಷ ಮೌನವಾಗಿರೋಣ. ಆದರೆ ತಂಗಿಯರೇ, ನಿಮ್ಮಲ್ಲಿ ಯಾರಿಗಾದರೂ ಈಗಲೇ ಆ ಕೋಣೆಗೆ ಹೋಗಬೇಕಿದ್ದರೆ, ಮೌನ ಮುಗಿಯಲಿ ಅಂತ ಕಾಯಬೇಡಿ. ನಡೆಯಿರಿ. ನಾವು ನಿಂತಿರುತ್ತೇವೆ.