ಹೆಸರು ಹೇಳಬಾರದ ಸೊಪ್ಪು

ಒಬ್ಬ ಶ್ರೀಮಂತನಿದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ. ಅವನ ಜೀವವೆಲ್ಲ ಒಂದು ಬಿಳಿ ಹೆಣ್ಣು ಕುದುರೆಯ ಮೇಲೆ. ಅದೂ ಈಗ ಗಬ್ಬ. ಮನೆಯ ಸೊಸೆ ಬಸುರಿಯಾದಾಗಲೂ ಆಸಾಮಿ ಅಷ್ಟು ಉಪಚಾರ ಮಾಡಿರಲಿಲ್ಲ!

ಒಂದು ಬೆಳಿಗ್ಗೆ ಕುದುರೆ ಹುರುಳಿ ಮುಟ್ಟಲಿಲ್ಲ. ಕಾಲು ಕೆರೆಯಿತು, ತಿರುಗಿ ತಿರುಗಿ ಹೊಟ್ಟೆ ನೋಡಿಕೊಂಡಿತು, ಬಿದ್ದು ಹೊರಳಿತು. ಹೊಟ್ಟೆಶೂಲೆ. ಶ್ರೀಮಂತ ಆಳನ್ನು ಓಡಿಸಿದ. ನಾಟಿ ವೈದ್ಯ ಬಂದ, ಹಿತ್ತಲಿನ ಒಂದು ಸೊಪ್ಪನ್ನೇ ಅರೆದು ರಸ ಕುಡಿಸಿದ. ಹೋಗುವಾಗ ಕಿವಿಯಲ್ಲಿ ಹೇಳಿದ: "ಧಣಿ, ಈ ಸೊಪ್ಪಿನ ಹೆಸರು ನಿಮ್ಮ ಬಾಯಿಂದ ಬರಬಾರ್ದು. ಬಂತೋ, ಔಷಧಿ ಗುಣ ಹೋಯ್ತು ಅನ್ಕೊಳಿ."

ನೋಡಿ, ಈ ನಂಬಿಕೆ ನಿಮಗೂ ಗೊತ್ತು. ನಿಮ್ಮ ಅಜ್ಜಿಯೂ ಹೇಳಿರುತ್ತಾಳೆ.

ನೋವು ನಿಲ್ಲಲಿಲ್ಲ. ಹೆದರಿದ ಶ್ರೀಮಂತ ಪಶುವೈದ್ಯೆಯನ್ನು ಕರೆಸಿದ. ಆಕೆ ಮೊದಲು ಕೇಳಿದ್ದೇ ಇದು: "ಯಜಮಾನ್ರೇ, ನಾಟಿ ಔಷಧಿ ಏನಾದ್ರೂ ಕೊಟ್ಟಿದ್ದೀರಾ?"

"ಏನೂ ಇಲ್ಲ ಡಾಕ್ಟರಮ್ಮ. ಬರೀ ನೀರು ಕುಡಿಸಿದ್ದೀವಿ."

ಏನೂ ಇಲ್ಲ! ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ. ಹೆಸರು ಹೇಳಿದರೆ ಗುಣ ಹೋದೀತೆಂಬ ಭಯ ಒಂದು, ಓದಿದ ಹೆಂಗಸು ನಕ್ಕಾಳೆಂಬ ಭಯ ಇನ್ನೊಂದು.

ಆಕೆ ಇಂಜೆಕ್ಷನ್ ಕೊಟ್ಟಳು. ಕುದುರೆ ಹೊರಳುವುದು ನಿಂತಿತು. ಅಬ್ಬಾ ಎಂದು ಶ್ರೀಮಂತ ಕುಳಿತ. ಸ್ವಲ್ಪ ಹೊತ್ತಿಗೆ ಕುದುರೆಯ ಕಣ್ಣು ನೋಡಿದ. ಕಣ್ಣಿನ ಪಾಪೆ ಅಗಲವಾಗಿ ಕಪ್ಪಗೆ ಬಾಯ್ದೆರೆದಿತ್ತು. ಪಕ್ಕೆಯ ಮೇಲೆ ಕೈಯಿಟ್ಟರೆ ಎದೆ ಡಬಡಬನೆ ಬಡಿಯುತ್ತಿದೆ. ಡಾಕ್ಟರಮ್ಮ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟಳು. "ಕರುಳಿನ ಸದ್ದೇ ಇಲ್ವಲ್ಲ! ಇದು ನನ್ನ ಒಂದೇ ಇಂಜೆಕ್ಷನ್‌ನಿಂದ ಆಗೋದಲ್ಲ."

ಗೊತ್ತಿಲ್ಲದ ಕಾಯಿಲೆಗೆ ಆಕೆ ಇನ್ನೊಂದು ಸಿರಿಂಜು ತುಂಬತೊಡಗಿದಳು. ಶ್ರೀಮಂತ ಸಿರಿಂಜನ್ನೇ ನೋಡಿದ. ಹೇಳಿದರೆ ಕುದುರೆ ಸಾಯುತ್ತದೆಯೋ? ಹೇಳದಿದ್ದರೆ ಸಾಯುತ್ತದೆಯೋ? ಸೂಜಿ ಕುದುರೆಯ ಕತ್ತಿನ ಹತ್ತಿರ ಬಂತು. ಆಗ ಕಿರುಚಿಕೊಂಡ: "ಉಮ್ಮತ್ತಿ! ಉಮ್ಮತ್ತಿ ಸೊಪ್ಪಿನ ರಸ ಕುಡಿಸಿದ್ದೀವಿ ತಾಯಿ!"

ಆಕೆಯ ಕೈ ನಿಂತಿತು. "ಅಯ್ಯೋ ಯಜಮಾನ್ರೇ! ಉಮ್ಮತ್ತಿ ಮಾಡೋ ಕೆಲಸಾನೇ ನನ್ನ ಇಂಜೆಕ್ಷನ್ನೂ ಮಾಡುತ್ತೆ. ಎರಡೂ ಸೇರಿ ಕರುಳನ್ನೇ ಕಟ್ಟಿಹಾಕಿವೆ. ನಾನು ನಗ್ತಿರಲಿಲ್ಲ. ಕೇಳಿ ತಿಳ್ಕೊಂಡು ಬೇರೆ ಔಷಧಿ ಕೊಡ್ತಿದ್ದೆ."

ನಾಟಿ ವೈದ್ಯನನ್ನು ಕರೆಸಿ, ಎಷ್ಟು ಕುಡಿಸಿದೆ ಎಂದು ಕೇಳಿ ತಿಳಿದು, ಆಕೆ ಚಿಕಿತ್ಸೆ ಮಾಡಿದಳು. ವೈದ್ಯ ಪಕ್ಕದಲ್ಲೇ ಕೂತು ಕುದುರೆಯ ಹೊಟ್ಟೆ ತಿಕ್ಕಿದ. ಕುದುರೆ ಎದ್ದು ನಿಂತಿತು. ಆದರೆ ಎರಡು ಔಷಧಿಗಳ ಹೊಡೆತಕ್ಕೆ ಹೊಟ್ಟೆಯ ಮರಿ ಉಳಿಯಲಿಲ್ಲ. ಸತ್ತು ಬಿದ್ದ ಮರಿಯನ್ನು ತಾಯಿ ನೆಕ್ಕುತ್ತಲೇ ಇತ್ತು. ಶ್ರೀಮಂತ ಗೋಡೆಗೆ ಮುಖ ಮಾಡಿ ಅತ್ತ.

ಈಗ ನಿಮ್ಮನ್ನು ಕೇಳುತ್ತೇನೆ. ಸಕ್ಕರೆ ಕಾಯಿಲೆಗೆ ಕಷಾಯ ಕುಡಿದು ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಂಡು ಕೂರುವವರು ಇಲ್ಲಿ ಎಷ್ಟು ಜನ? ತಲೆ ತಗ್ಗಿಸಬೇಡಿ, ನನಗೆ ಗೊತ್ತು! ಕಷಾಯ ಕುಡಿಯಬೇಡಿ ಅಂತ ನಾನು ಹೇಳುತ್ತಿಲ್ಲ, ಮುಚ್ಚಿಡಬೇಡಿ ಅಂತ ಹೇಳುತ್ತಿದ್ದೇನೆ. ಡಾಕ್ಟರ ಮಾತ್ರೆಯ ವಿಷಯ ನಾಟಿ ವೈದ್ಯನಿಗೂ ಹೇಳಿ. ನಾಳೆ ಆಸ್ಪತ್ರೆಗೆ ಹೋಗುವ ತಾಯಂದಿರೇ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಬೇರಿನ ಪುಡಿ ಇದೆಯಲ್ಲ, ಡಾಕ್ಟರು ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ಆ ಗಂಟು ಬಿಚ್ಚಿ ಅವರ ಮೇಜಿನ ಮೇಲಿಡಿ.