ಅಮ್ಮನ ಕೊನೆಯ ಮಾತು

ಪರದೆಯ ಈಚೆ ಆಯಾ ಖಾಲಿ ಹಾಸಿಗೆಯ ಚಾದರ ಕಳಚುತ್ತಿದ್ದಳು. ಆಚೆ ಬೆಂಚಿನ ಮೇಲೆ, ತೀರಿಹೋದ ಅಜ್ಜಿಯ ಮಗ, ಮಗಳು ಆಸ್ಪತ್ರೆಯ ಕಾಗದಪತ್ರಕ್ಕೆ ಕಾಯುತ್ತಿದ್ದರು. ಮಗ, ಪಾದ್ರಿಯಾಗುವವರಿಗೆ ಸುವಾರ್ತೆಗಳ ಪಾಠ ಹೇಳುವ ಮೇಷ್ಟ್ರು.

“ಕೊನೇಲಿ ಅಮ್ಮ ನನ್ ಹತ್ರ ಮಾತಾಡಿದ್ಲು ಕಣೋ ಅಣ್ಣ. ‘ಮಕ್ಕಳು ಉಂಡ್ರಾ? ನನಗೇನೂ ನೋವಿಲ್ಲ’ ಅಂದ್ಲು.”

“ನನ್ ಹತ್ರಾನೂ ಅದನ್ನೇ ಅಂದ್ಲು ಅಂತ ಬೆಳಿಗ್ಗೆಯಿಂದ ಎಲ್ಲರಿಗೂ ಹೇಳ್ತಿದೀನಿ.”

“ಅದೇ ಮಾತಾ?”

“ಒಂದಕ್ಷರ ಆಚೀಚೆ ಇಲ್ಲ.” ಮೇಷ್ಟ್ರು ತಂಗಿಯ ಕಡೆ ತಿರುಗಿದರು. “ಮೂವತ್ತು ವರ್ಷದಿಂದ ನಾನು ಪಾಠ ಮಾಡ್ತಿರೋದೇ ಇದು. ಎರಡು ಸುವಾರ್ತೆಲಿ ಒಂದು ಮಾತು ಹೀಗೆ ಅಚ್ಚೊತ್ತಿದ ಹಾಗೆ ಬಂದ್ರೆ, ಬರೆದೋರು ಅದನ್ನ ಕಿವಿಯಾರೆ ಕೇಳಿದ್ದಲ್ಲ. ಇಬ್ಬರೂ ಮೂರನೆಯವರಿಂದ, ಒಂದೇ ಮೂಲದಿಂದ ತಗೊಂಡಿದ್ದು.”

“ಅಂದ್ರೆ ನೀನೂ ಹೊತ್ತಿಗೆ ಬರಲಿಲ್ಲ.”

“ಇಲ್ಲಮ್ಮ. ಆಯಾ ಹೇಳಿದ್ಲು.”

“ನನಗೂ ಅವಳೇ.”

ಆಯಾ ಚಾದರ ಮಡಚುವುದನ್ನು ನಿಲ್ಲಿಸಿದಳು.

“ಕರೆದು ಕೇಳೋಣ್ವಾ, ಅಮ್ಮ ಇನ್ನೇನಾದ್ರೂ ಅಂದ್ಲಾ ಅಂತ?”

“ಬೇಡ. ಸುವಾರ್ತೆಗಳ ಆ ಮೂಲ ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ. ಕಳೆದುಹೋಗಿದೆ ಅಂತಾರೆ ಕೆಲವರು, ಇರಲೇ ಇಲ್ಲ ಅಂತಾರೆ ಕೆಲವರು. ನಾವು ಇತ್ತು ಅಂತಲೇ ಇಟ್ಕೊಳ್ಳೋಣ.”

ಗುಮಾಸ್ತ ಕೂಗಿದ. ಅಣ್ಣ ತಂಗಿಯ ಕೈಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು.

ಅಜ್ಜಿ ಮೂರು ದಿನದಿಂದ ಬಾಯೇ ಬಿಟ್ಟಿರಲಿಲ್ಲ. ವರ್ಷಗಳಿಂದ, ತಡವಾಗಿ ಬಂದ ಯಾವ ರೋಗಿಯ ಮಕ್ಕಳಿಗೂ ಆಯಾ ಹೇಳುತ್ತ ಬಂದದ್ದು ಅದೊಂದೇ ಮಾತು. ಅದು ಅವಳ ಸ್ವಂತ ಅಮ್ಮನ ಕೊನೆಯ ಮಾತು. ತನ್ನಮ್ಮ ತೀರಿಕೊಂಡ ದಿನ ಅವಳೂ ತಡವಾಗಿಯೇ ಬಂದಿದ್ದಳು. ಆ ಮಾತನ್ನು ಅವಳಿಗೆ ಈ ವಾರ್ಡಿನ ಹಳೆಯ ಆಯಾ ಹೇಳಿದ್ದಳು.

ಇವತ್ತಿನವರೆಗೆ ಅವಳಿಗೆ ಅನುಮಾನ ಬಂದಿರಲಿಲ್ಲ.